ಒಂದೇ ತೊಟ್ಟು ಉಗುರುಬಣ್ಣ

ಅಯ್ಯಯ್ಯೋ, ಪೂರ್ತಿ ಶೀಶೆ ಬೇಡ ಯಶೋಧಾ ಟೀಚರೇ! ಒಂದು ತೊಟ್ಟು ಸಾಕು, ಒಂದೇ ತೊಟ್ಟು! ಓವರ್‌ಸಿಯರ್ ವಿಘ್ನೇಶ್ವರಪ್ಪನವ್ರ ಆಟದ ವಿಮಾನದ ಸ್ಕ್ರೂ ಅದು, ಸಡಿಲ ಆಗದ ಹಾಗೆ ಎಳ್ಳುಕಾಳಷ್ಟು ಹಚ್ಚಿದ್ರೆ ಆಯ್ತು. ಶೀಶೆ ತಗೊಂಡು ನಾನೇನು ಉಗುರಿಗೆ ಹಚ್ಕೊಳ್ಲಾ? ಗಡಿಯಾರ ರಿಪೇರಿ ಪಾರ್ಶ್ವರಾಜನಿಗೆ ತಲೆ ಕೆಡ್ತು ಅಂತ ಸಾಗರದ ಪೇಟೆಯೆಲ್ಲ ಆಡ್ಕೊಳ್ಳಲ್ವಾ?... ನಗಬೇಡಿ.

ಅಂಗಡೀಲಿಟ್ರೆ ಒಣಗುತ್ತೆ. ಹೂಂ, ಮುಚ್ಚಳ ಇದೆ, ಕಾಣುತ್ತೆ ನಂಗೂ... ಆದ್ರೂ ಒಣಗುತ್ತೆ! ಭಾನುವಾರ ಭಾನುವಾರ ನಾನೇ ಬಂದು ಒಂದೊಂದು ತೊಟ್ಟು ಇಸ್ಕೊಂಡು ಹೋಗ್ತೀನಿ. ಅದೇ ಸರಿ.

ಏನು, ಬಣ್ಣದ ಬದ್ಲು ಸ್ಕ್ರೂಗೆ ಅರಗು ಹಾಕ್ಲಾ? ಬಿಡ್ತು ಅನ್ನಿ! ಅರಗು ಹುಳದಿಂದ ಬರೋದು. ಜೈನರ ಮನೇಲಿ ಹುಟ್ಟಿ ಅದನ್ನ ಮುಟ್ಲಾ? ಮೊದ್ಲು ಬೆಲ್ಲದ ಪಾಕ ಹಾಕಿ ನೋಡ್ದೆ. ಬೆಳಗ್ಗೆ ಎದ್ದು ನೋಡ್ತೀನಿ, ವಿಮಾನದ ತುಂಬ ಇರುವೆ! ಓವರ್‌ಸಿಯರ್ರು ಇಂಜಿನ್ ತಿರುಗಿಸೋಕೆ ಹೊರಟ್ರು. ನಾನು ರೆಕ್ಕೆ ಹಿಡ್ಕೊಂಡು ಬಿಡ್ಲೇ ಇಲ್ಲ. ಅಷ್ಟು ಜೀವಗಳನ್ನ ಹತ್ತಿಸ್ಕೊಂಡು ಹಾರ್ಸೋದಾ? ಪಕ್ಕದಲ್ಲಿ ಸಕ್ಕರೆ ಸುರಿದು ಎರಡು ದಿನ ಕಾದೆ, ಒಂದೊಂದೇ ಇಳಿದ್ವು... ನೋಡಿ, ಮತ್ತೆ ನಗ್ತೀರಿ!

ಆಟದ್ದು ಅಂತ ಹಗುರ ಮಾಡ್ಬೇಡಿ. ಬೊಂಬಾಯಿಂದ ತರಿಸಿದ್ದು. ದಾರ ಇಲ್ಲ, ತಂತಿ ಇಲ್ಲ. ಇಕ್ಕೇರಿ ಬಯಲಲ್ಲಿ ನಿಂತು ರೇಡಿಯೋ ಪೆಟ್ಟಿಗೆ ಗುಂಡಿ ಒತ್ತಿದ್ರೆ ಮೇಲೆ ಬಾಲ ತಿರುಗುತ್ತೆ! ಇಂಜಿನ್ ನಡುಕಕ್ಕೆ ಸ್ಕ್ರೂ ಸಡಿಲ ಆಗುತ್ತೆ. ನಿಮ್ಮ ಬಣ್ಣ ಹಚ್ಚಿದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ.

...ಅಲ್ಲಾಡಲ್ಲ ಅಂದ್ರೆ ವಾರ ವಾರ ಯಾಕೆ ಬೇಕು ಅಂತೀರಾ? ಅದು... ಬೇರೆ ಬೇರೆ ಸ್ಕ್ರೂ! ಹನ್ನೊಂದಿವೆ. ಅಲ್ಲ, ಹದಿನಾಲ್ಕು. ಈ ವಾರ ಬಾಲದ್ದು. ನಾಳೆ ಹಾರ್ಸ್ಬೇಕು, ಓವರ್‌ಸಿಯರ್ರು ಬಯಲಲ್ಲಿ ಕಾಯ್ತಾ ಇರ್...

ಟೀಚರೇ? ಶೀಶೆ ಯಾಕೆ ಕೆಳಗಿಟ್ರಿ? ಬೇಕಾದ್ರೆ ಬೈಯಿರಿ. ಹಂಗೆ ನೋಡ್ಬೇಡಿ...

ಹೂಂ. ಓವರ್‌ಸಿಯರಿಗೆ ವರ್ಗ ಆಗಿ ತಿಂಗಳಾಯ್ತು. ವಿಮಾನ ಲಾರೀಲಿ ಹಾಸಿಗೆ ಸುರುಳಿ ಮೇಲೆ ಕೂತು ಹೋಯ್ತು. ಹಗ್ಗ ಕಟ್ಟಿದ್ದೇ ನಾನು. ಒಂದು ಸ್ಕ್ರೂನೂ ಉಳಿದಿಲ್ಲ. ಬಣ್ಣ ಬೇಡ ಅಂದ್ಬಿಟ್ರೆ ನಿಮ್ಮನೆ ಮೆಟ್ಟಿಲು ಹತ್ತೋಕೆ ನಂಗೆ ಬೇರೆ ನೆಪ ಇಲ್ಲ. ಅಷ್ಟೇ. ನಾಚಿಕೆ ಆಗುತ್ತೆ. ಬರ್ತೀನಿ.

...ಏನು? ತಲೆ ಆಡಿಸ್ತೀರಲ್ಲ... ಮೊದ್ಲೇ ಗೊತ್ತಿತ್ತಾ? ಲಾರಿ ಹೋದ ದಿನದಿಂದ್ಲೂ?

ಗೊತ್ತಿದ್ದೂ ನಾಲ್ಕು ಭಾನುವಾರ ಬಣ್ಣ ಕೊಟ್ರಾ?