ಎರಡು ಸಲ ತಟ್ಟಿದರೆ ಒಳಗೆ

ಆ ಮೊಬೈಲ್ ಲೈಟ್ ಆರಿಸ್ರೋ. ಗಲ್ಲದ ಕೆಳಗೆ ಹಿಡಿದು ಒಬ್ಬರನ್ನೊಬ್ಬರು ಹೆದರಿಸಿದ್ದು ಸಾಕು. ಕರೆಂಟ್ ಬರೋ ತನಕ ಬಾಯಿ ಮುಚ್ಚಿ ಕೂತಿರ್ತೀವಿ ಅಂದ್ರೆ ಒಂದು ಹೇಳ್ತೀನಿ... ಎಲ್ಲೋ ಓದಿದ್ದಲ್ಲ. ನಮ್ಮ ಭಾವನಿಗೆ, ನನ್ನ ಅಕ್ಕನ ಗಂಡನಿಗೆ, ಆಗಿದ್ದು. ಅವರ ಮನೆಯಲ್ಲೇ ನಾನೂ ಇರೋದು, ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್. ಹಾಗಾಗಿ ಅರ್ಧ ಕತೆ ನನ್ನ ಕಿವಿಯಲ್ಲೇ ಕೇಳಿದ್ದು.

ಅವತ್ತು ಭಾವ ಎರಡನೇ ಶಿಫ್ಟ್ ಮುಗಿಸಿ ನಡೆದುಕೊಂಡು ಬರ್ತಿದ್ರು. ಫ್ಯಾಕ್ಟರಿ ಹಿಂದಿನ ಗಲ್ಲಿ. ಅಲ್ಲೊಂದು ಹಾಳುಬಾವಿ. ಯಾರೂ ಬೀಳಬಾರದು ಅಂತ ಫ್ಯಾಕ್ಟರಿಯವರೇ ಅದರ ಬಾಯಿಗೆ ಒಂದು ರಿಜೆಕ್ಟ್ ಪ್ಯಾನೆಲ್ ಮುಚ್ಚಿದ್ರು. ಪ್ಯಾನೆಲ್ ಅಂದ್ರೆ, ಇಟ್ಟಿಗೆ ಬದಲು ಗೋಡೆಗೆ ನಿಲ್ಲಿಸ್ತಾರಲ್ಲ, ಅದು. ಆ ಫ್ಯಾಕ್ಟರಿಯಲ್ಲಿ ಮಾಡೋದೇ ಅದನ್ನ. ಎರಡು ತಗಡು, ನಡುವೆ ಹಳದಿ ಫೋಮ್. ತಟ್ಟಿದ್ರೆ ಬರೀ ತಗಡಿನ ಹಾಗೆ ಟಣ್ ಅನ್ನಲ್ಲ. ಹೊಟ್ಟೆ ಬಿರಿಯ ಉಂಡವನ ಹೊಟ್ಟೆ ತಟ್ಟಿದ ಹಾಗೆ... ದಪ್... ಅನ್ನುತ್ತೆ.

ಭಾವ ಬಾವಿ ದಾಟಿದ್ರು. ಹಿಂದಿನಿಂದ...

ದಪ್... ದಪ್.

ಎರಡೇ ಸಲ. ತಿರುಗಿ ನೋಡಿದ್ರು. ಯಾರೂ ಇಲ್ಲ. ಮುಚ್ಚಿದ ಪ್ಯಾನೆಲ್ ಮುಚ್ಚಿದ ಹಾಗೇ ಇದೆ. ಅಂಗಡಿ ಶಟರ್ ಮುಂದೆ ಮಲಗಿದ್ದ ನಾಯಿ ತಲೆ ಕೂಡ ಎತ್ತಲಿಲ್ಲ.

ನಮ್ಮ ಭಾವ ಹೆದರೋ ಆಸಾಮಿ ಅಲ್ಲ. ಜಿರಳೆ ಒಂದು ಬಿಟ್ಟು. ಆದ್ರೆ ಅವತ್ತು ಓಡಿಕೊಂಡು ಬಂದ್ರು ನೋಡಿ... ಒಂದು ಕಾಲಲ್ಲಿ ಚಪ್ಪಲಿ ಇಲ್ಲ.

ಅಕ್ಕ ನೀರು ತಂದು ಕೊಡ್ತಾ, "ಏನ್ರೀ, ನಾಯಿ ಅಟ್ಟಿಸಿಕೊಂಡು ಬಂತಾ?" ಅಂದಳು.

ಭಾವ ಪಿಸುಗುಟ್ಟಿದ್ರು. "ಅವರು ತಟ್ಟಿದ್ರು."

"ಯಾರು?"

"ದಪ್ ಮಾಮ."

ಲೋಟ ಅಕ್ಕನ ಕೈಜಾರಿ ಬಿತ್ತು. ಯಾಕಂದ್ರೆ ದಪ್ ಮಾಮ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು.

ತಡೀರಿ, ಮಾಮ ಯಾರು ಅಂತ ಹೇಳ್ತೀನಿ. ಆ ಫ್ಯಾಕ್ಟರಿಯಲ್ಲಿ ಪ್ಯಾನೆಲ್ ತಯಾರಾಗಿ ಬಂದ ಮೇಲೆ ಅದನ್ನ ಪೇರಿಸೋಕೆ ಒಂದು ರೋಬೋಟ್ ಇದೆ. ಬರೀ ಒಂದು ತೋಳು, ತುದಿಯಲ್ಲಿ ರಬ್ಬರ್ ಬಟ್ಟಲುಗಳು. ಎಲ್ಲರೂ ಅದನ್ನ ದೊಡ್ಡಕೈ ಅಂತಾರೆ. ಅದು ಬಟ್ಟಲುಗಳನ್ನ ಪ್ಯಾನೆಲ್ ಮೇಲೆ ಊರಿ ಸ್ಸ್ಸ್... ಅಂತ ಗಾಳಿ ಎಳೆದು ಎತ್ತುತ್ತೆ. ಒಂದನ್ನ ಅಂಗಾತ, ಇನ್ನೊಂದನ್ನ ಬೋರಲು, ಮುಖಕ್ಕೆ ಮುಖ ಬರೋ ಹಾಗೆ ಮಲಗಿಸಿ ಪುಫ್... ಅಂತ ಬಿಡುತ್ತೆ. ಇಡೀ ರಾಶಿಯ ಕೆಳಗೆ ಫೋಮಿನ ದಿಮ್ಮಿಗಳನ್ನೂ ಅದೇ ಇಡುತ್ತೆ. ಆಮೇಲೆ ಪ್ಲಾಸ್ಟಿಕ್ ಸುತ್ತಿ ಗೋಡೌನಿಗೆ. ಮೊದಲು ನಾಲ್ಕು ಜನ ಸೊಂಟ ಮುರ್ಕೊಂಡು ಮಾಡ್ತಿದ್ದ ಕೆಲಸ ಅದು. ಆ ನಾಲ್ವರಲ್ಲಿ ಕೆಲಸದಲ್ಲಿ ಉಳಿದುಕೊಂಡವರು ಮಾಮ ಒಬ್ಬರೇ. ದಿಮ್ಮಿ ಓರೆಯಾದ್ರೆ ಒಳಗೆ ಹೋಗಿ ಸರಿಮಾಡೋದು ಅವರ ಕೆಲಸ. ಗುಂಡಿ ಒತ್ತಿ ದೊಡ್ಡಕೈಯನ್ನ ನಿಲ್ಲಿಸೋದು, ಓಡಿಸೋದು ನಮ್ಮ ಭಾವನ ಕೆಲಸ.

ದೊಡ್ಡಕೈ ಸುತ್ತ ಎತ್ತರದ ಜಾಲರಿ ಬೇಲಿ. ಗೇಟಿಗೆ ಎಚ್ಚರಿಕೆ ಬೋರ್ಡ್ ಅಂತ ಒಂದು ಪ್ಯಾನೆಲ್ ತುಂಡು ಕಟ್ಟಿದ್ರು. ಮಾಮ ಒಳಗೆ ಹೋಗೋವಾಗ ಆ ಬೋರ್ಡಿಗೆ ಅಂಗೈಯಲ್ಲಿ ಎರಡು ಸಲ ತಟ್ಟೋರು. ಒಳಗಿದ್ದೀನಿ, ನಿಲ್ಲಿಸು ಅಂತ. ಹೊರಗೆ ಬರೋವಾಗ ಒಂದು ಸಲ. ಬಂದೆ, ಓಡಿಸು ಅಂತ. ಆ ಗದ್ದಲದಲ್ಲಿ ಕೂಗಿದ್ರೆ ಯಾರಿಗೆ ಕೇಳುತ್ತೆ? ಆ ದಪ್ ಮಾತ್ರ ಕೇಳೋದು. ಅದಕ್ಕೇ ದಪ್ ಮಾಮ.

ಒಂದು ಸಂಜೆ ದೊಡ್ಡಕೈ ಎತ್ತಿದ ಪ್ಯಾನೆಲ್ಲಿಗೂ ರಾಶಿಗೂ ನಡುವೆ ಮಾಮ ಸಿಕ್ಕಿಕೊಂಡ್ರು. ಆಸ್ಪತ್ರೆ ತನಕ ಉಳಿಯಲಿಲ್ಲ. ವಿಚಾರಣೆಗೆ ಬಂದವರಿಗೆ ಭಾವ ಹೇಳಿದ್ದು ಒಂದೇ ಮಾತು. "ಅವರು ತಟ್ಟಲೇ ಇಲ್ಲ."

ಎಲ್ಲರೂ ನಂಬಿದ್ರು. ನಾನೂ ನಂಬಿದ್ದೆ.

ಸರಿ, ಆ ರಾತ್ರಿಗೇ ಬರ್ತೀನಿ. ಅಕ್ಕ ಲೋಟ ಎತ್ತಿಕೊಂಡು ನೆಲ ಒರೆಸ್ತಿದ್ದಳು. ನಾನು ಮೆಷಿನ್ ಮುಚ್ತಿದ್ದೆ. ನಮ್ಮ ಮನೆ ಬಾಗಿಲೂ ರಿಜೆಕ್ಟ್ ಪ್ಯಾನೆಲ್ಲೇ. ಅಲ್ಲಿ ಕೆಲಸ ಮಾಡೋರ ಮನೆಗಳಲ್ಲೆಲ್ಲ ಅದೇ. ಗೀರಾಗುತ್ತೆ ಅಂತ ಅಕ್ಕ ಅದರ ನೀಲಿ ಪ್ಲಾಸ್ಟಿಕ್ ಹಾಳೆಯನ್ನ ಇವತ್ತಿಗೂ ಕೀಳೋಕೆ ಬಿಟ್ಟಿಲ್ಲ. ಆ ಬಾಗಿಲಿಗೆ...

ದಪ್... ದಪ್.

ಹೋಗಿ ತೆಗೆದವಳು ನಾನೇ. ಹೊರಗೆ ಬೀದಿದೀಪ, ಪಕ್ಕದ ಮನೆಯವರ ಸ್ಕೂಟರ್, ಅಷ್ಟೇ.

"ಯಾರೂ ಇಲ್ಲ ಭಾವ," ಅಂದೆ.

ಭಾವ ನನ್ನ ಮುಖ ನೋಡಲಿಲ್ಲ. "ಎರಡು ಸಲ ತಟ್ಟಿದ್ರೆ ಹೊರಗೆ ಇರಲ್ಲ," ಅಂದ್ರು. "ಒಳಗೆ ಬಂದಿದ್ದೀನಿ ಅಂತ ಅರ್ಥ."

ಮೂವರೂ ಕೋಣೆ ತುಂಬ ಕಣ್ಣಾಡಿಸಿದ್ವಿ. ಕುರ್ಚಿ, ಮೆಷಿನ್, ಹ್ಯಾಂಗರಿಗೆ ಹಾಕಿದ್ದ ಯಾರದೋ ಅರ್ಧ ಹೊಲಿದ ಅಂಗಿ... ಅದು ಸುಮ್ಮನೆ ತೂಗ್ತಿತ್ತು. ಫ್ಯಾನ್ ಗಾಳಿಗೆ ಇರಬಹುದು. ನಾನು ಫ್ಯಾನ್ ಹಾಕಿದ್ನಾ ಅಂತ ನೆನಪಿಲ್ಲ.

ಆಮೇಲೆ ದಿನಾ ಅಂತ ಇಲ್ಲ. ವಾರಕ್ಕೊಮ್ಮೆ, ಕೆಲವು ಸಲ ಎರಡು ರಾತ್ರಿ ಬೆನ್ನುಬೆನ್ನಿಗೆ. ಯಾವಾಗಲೂ ಎರಡೇ ಸಲ. ಒಂದು ಸಲದ ತಟ್ಟು ಮಾತ್ರ ಬರಲೇ ಇಲ್ಲ. ಭಾವ ಅದಕ್ಕೇ ಕಾಯ್ತಾ ಹಾಸಿಗೆ ಮೇಲೆ ಕೂತಿರೋರು. ಊಟ ಸೇರ್ತಿರಲಿಲ್ಲ. ಬೆಲ್ಟಿಗೆ ಹೊಸ ತೂತು ಹಾಕಿಕೊಂಡ್ರು.

ಹೀಗಿರೋವಾಗ ಒಂದು ಮಧ್ಯಾಹ್ನ ಮಾಮನ ಹೆಂಡತಿ ನನ್ನ ಹತ್ರ ಬಂದ್ರು. ಚೀಲದಲ್ಲಿ ಮಾಮನ ಶರ್ಟುಗಳು. ಒಗೆದು ಇಸ್ತ್ರಿ ಮಾಡಿ ತಂದಿದ್ರು.

"ದಿಂಬಿನ ಕವರ್ ಮಾಡಿಕೊಡಮ್ಮ. ಗುಂಡಿ ಕೀಳಬೇಡ, ಹಾಗೇ ಇರಲಿ."

ಭಾವ ಕೆಲಸಕ್ಕೆ ಹೊರಟವರು ಅವರನ್ನ ನೋಡಿ ಬಾಗಿಲಲ್ಲೇ ನಿಂತುಬಿಟ್ರು. ಆಯಮ್ಮ ಎದ್ದು ನಿಂತು ಕೇಳಿದ್ರು. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ನಿಜವಾಗ್ಲೂ ಅವರು ತಟ್ಟಲಿಲ್ವಾ?"

ಭಾವ ಬಗ್ಗಿ ಚಪ್ಪಲಿ ಮೆಟ್ಟಿಕೊಂಡ್ರು.

"ಯಾಕೆ ಕೇಳ್ತೀನಂದ್ರೆ, ಅವರು ಮನೇಲೂ ತಟ್ಟೋರು. ಬಚ್ಚಲಿಗೆ ಹೋಗೋವಾಗ ಎರಡು, ಬರೋವಾಗ ಒಂದು. ಮಗಳು ಬಿದ್ದು ಬಿದ್ದು ನಗೋಳು. ಈಗ ಅವಳೇ, ಅಪ್ಪ ಕೈಯಾರೆ ಜೀವ ಕಳ್ಕೊಂಡ್ರು, ನಮ್ಮನ್ನ ನೆನೆಸ್ಕೊಳ್ಳಲಿಲ್ಲ ಅಂತ, ಅವರ ಹೆಸರೆತ್ತಿದ್ರೆ ಎದ್ದು ಹೋಗ್ತಾಳೆ... ಬಚ್ಚಲಿಗೂ ತಟ್ಟೋ ಮನುಷ್ಯ ಅವತ್ತೊಂದು ದಿನ ಮರೆತ್ರಾ ಅಣ್ಣಾ?"

"ಅವತ್ತು ತುಂಬ ಸದ್ದಿತ್ತಮ್ಮ," ಅಂದ್ರು ಭಾವ. "ನನಗೆ ಕೇಳಿಸ್ಲಿಲ್ಲ."

ಆಯಮ್ಮ ಒಂದು ಹೆಜ್ಜೆ ಮುಂದೆ ಬಂದ್ರು. "ತಟ್ಟಲಿಲ್ಲ ಅಂದಿದ್ರಿ," ಅಂದ್ರು. "ಕೇಳಿಸ್ಲಿಲ್ಲ ಅನ್ನೋದು ಬೇರೆ ಅಲ್ವಾ?"

ಭಾವ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಆಯಮ್ಮ ಹೋದ ಮೇಲೆ ನನ್ನ ಮೆಷಿನ್ ಪಕ್ಕ ನೆಲದ ಮೇಲೆ ಕೂತು ಎಲ್ಲ ಕಕ್ಕಿದ್ರು.

ಆ ಬೇಲಿ ಗೇಟಿಗೆ ಒಂದು ಸ್ವಿಚ್ ಇದೆ. ಗೇಟಿಗೆ ಸಿಕ್ಕಿಸಿರೋ ಕೀ ಅದರ ಬಾಯೊಳಗೆ ಕೂತಿದ್ರೆ ಗೇಟ್ ಮುಚ್ಚಿದೆ ಅಂತ ಅರ್ಥ. ಗೇಟ್ ತೆಗೆದ್ರೆ ಸಾಕು, ದೊಡ್ಡಕೈ ತಾನೇ ನಿಲ್ಲುತ್ತೆ. ಆದ್ರೆ ಹಾಗೆ ನಿಂತ್ರೆ ಮತ್ತೆ ಮೊದಲಿಂದ ಓಡಿಸಬೇಕು, ಹೊತ್ತು ಹಿಡಿಯುತ್ತೆ. ದಿಮ್ಮಿ ಪದೇ ಪದೇ ಓರೆಯಾಗೋದು, ಹೊರಗೆ ಲಾರಿಗಳು ಹಾರ್ನ್ ಹೊಡೆಯೋದು. ಅದಕ್ಕೆ ಭಾವ ಆ ಸ್ವಿಚ್ಚಿನ ಬಾಯಿಗೆ ಒಂದು ಹೆಚ್ಚುವರಿ ಕೀ ತುರುಕಿಟ್ಟಿದ್ರು. ಗೇಟ್ ಹಾರುಹೊಡೆದಿದ್ರೂ ಮುಚ್ಚಿದೆ ಅಂತಲೇ ದೊಡ್ಡಕೈಗೆ ಲೆಕ್ಕ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಅಲ್ಲಿಂದಾಚೆ ಮಾಮನ ಜೀವಕ್ಕೆ ಕಾವಲು ಅಂತ ಇದ್ದಿದ್ದು ಆ ತಟ್ಟೋದು, ಮತ್ತೆ ನಮ್ಮ ಭಾವನ ಕಿವಿ.

"ಅವರು ತಟ್ಟಿದ್ರು," ಅಂದ್ರು ಭಾವ. "ಎರಡು ಸಲ. ಕೇಳಿಸ್ತು. ನಿಲ್ಲಿಸಿದೆ. ಅಷ್ಟರಲ್ಲಿ ಗೋಡೌನಿಂದ ಫೋನ್... ಲಾರಿಯವನು ಬೈತಿದ್ದಾನೆ ಅಂತ. ಫೋನಿಟ್ಟೆ. ದೊಡ್ಡಕೈ ಸುಮ್ಮನೆ ನಿಂತಿದೆ. ಯಾಕೆ ನಿಂತಿದೆ ಅಂತ ಒತ್ತಿಬಿಟ್ಟೆ. ಆ ಒಂದು ತಟ್ಟು ಇನ್ನೂ ಬಂದಿರಲಿಲ್ಲ."

ಜನ ಓಡಿ ಬರೋ ಮೊದಲೇ ಕೀ ಕಿತ್ತು ಜೇಬಿಗೆ ಹಾಕಿಕೊಂಡ್ರಂತೆ. ಅವತ್ತೇ ರಾತ್ರಿ ಆ ಹಾಳುಬಾವಿ ಪ್ಯಾನೆಲ್ಲಿನ ಮೂಲೆ ಎತ್ತಿ ಕೀಯನ್ನ ಒಳಗೆ ಹಾಕಿದ್ರು. ಬುಳಕ್ ಅಂತು. ಅಷ್ಟೇ.

ಭಾವ ಅಂದ್ರೆ ನನಗೆ ಪ್ರಾಣ. ನನ್ನ ಮೊದಲ ಮೆಷಿನ್ ಕೊಡಿಸಿದವರು ಅವರೇ. ಆದ್ರೂ ಅವತ್ತು ಅವರ ಮುಖ ನೋಡೋಕೆ ನನ್ನಿಂದ ಆಗಲಿಲ್ಲ. ತೊಡೆ ಮೇಲೆ ಸತ್ತವರ ಶರ್ಟ್ ಇಟ್ಟುಕೊಂಡು ಕೂತಿದ್ದೆ ನಾನು.

ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅಕ್ಕ ಮಾತ್ರ ಅಳಲಿಲ್ಲ. "ಹೋಗಿ ಹೇಳ್ರಿ," ಅಂದಳು.

"ಕೆಲಸ ಹೋಗುತ್ತೆ ಕಣೇ. ಜೈಲಾಗಬಹುದು."

"ಆಗಲಿ. ಅವರು ಈ ಮನೆ ಒಳಗಿದ್ದಾರೆ. ನೀವು ಹೊರಗೆ ಹೋಗೋಕೆ ಬಿಡ್ತಿಲ್ಲ."

ಆದ್ರೂ ಭಾವನಿಗೆ ಧೈರ್ಯ ಸಾಲಲಿಲ್ಲ. ಮಾರನೇ ದಿನ ಕೆಲಸಕ್ಕೆ ಹೋದ್ರು. ಹೊಸಬರು ಸೇರಿದ್ರಂತೆ. ಹೊಸಬರು ಬಂದಾಗಲೆಲ್ಲ ಬೇಲಿ ಮುಂದೆ ನಿಲ್ಲಿಸಿ ಬುದ್ಧಿ ಹೇಳೋ ಪದ್ಧತಿ ಇತ್ತು. ಮ್ಯಾನೇಜರ್ ಆ ಕೆಲಸ ಭಾವನಿಗೇ ಹಚ್ಚಿದ್ರು. ಯಾಕಂದ್ರೆ ಕಣ್ಣಾರೆ ನೋಡಿದವರು ಇವರು ತಾನೆ! ಹೇಳಬೇಕಾದ ಮಾತೂ ಗೊತ್ತುಮಾಡಿದ್ದೇ. ತಟ್ಟದೆ ಒಳಗೆ ಹೋದ್ರೆ ದಪ್ ಮಾಮನ ಗತಿ ಆಗುತ್ತೆ.

ಇದು ಹಾಡಹಗಲಲ್ಲಿ ಆಗಿದ್ದು, ನೆನಪಿಟ್ಟುಕೊಳ್ಳಿ. ಅಲ್ಲಿದ್ದವರನ್ನ ಆಮೇಲೆ ನಾನೇ ಕೇಳಿದ್ದೀನಿ.

ಭಾವ ಶುರುಮಾಡಿದ್ರು. "ತಟ್ಟದೆ ಒಳಗೆ ಹೋದ್ರೆ..."

ದಪ್... ದಪ್.

ಬೆನ್ನ ಹಿಂದೆ ಗೇಟಿನ ಬೋರ್ಡ್ ನಡುಗ್ತಿತ್ತು. ಹತ್ತಿರ ಯಾರೂ ಇಲ್ಲ. ಗೇಟ್ ಮುಚ್ಚೇ ಇದೆ. ಒಳಗೆ ದೊಡ್ಡಕೈ ಪ್ಯಾನೆಲ್ ಎತ್ತಿಕೊಂಡು ಅರ್ಧ ತಿರುಗಿದ್ದು, ಅಲ್ಲೇ, ಗಾಳಿಯಲ್ಲೇ ನಿಂತುಬಿಡ್ತು. ಸ್ಸ್ಸ್... ಅನ್ನೋ ಸದ್ದೊಂದೇ. ಅವತ್ತು ಮನುಷ್ಯ ಒಳಗಿದ್ದಾಗಲೇ ಓಡಿದ್ದು, ಈಗ ಯಾರೂ ಇಲ್ಲದಾಗ ನಿಂತಿತ್ತು.

ಭಾವ ಹಣೆ ಒರೆಸಿಕೊಂಡ್ರು. ಆಮೇಲೆ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು. "ಅವರು ತಟ್ಟಿದ್ರು. ನನಗೆ ಕೇಳಿಸಿತ್ತು. ತಪ್ಪು ಅವರದಲ್ಲ, ನನ್ನದು."

ಮ್ಯಾನೇಜರ್ ತೋಳು ಹಿಡಿದು ಎಳೆದ್ರಂತೆ, ತಲೆ ಸರಿ ಇಲ್ಲ ಬನ್ರೀ ಅಂತ. ಭಾವ ಬಿಡಲಿಲ್ಲ. ಕೀ ವಿಷಯ, ಬಾವಿ ವಿಷಯ, ಒಂದೂ ಬಿಡದೆ ಹೇಳಿದ್ರು.

ಸಂಜೆ ನಾನು ಅವರನ್ನ ಕರ್ಕೊಂಡು ಮಾಮನ ಮನೆಗೆ ಹೋದೆ. ಒಬ್ಬರೇ ಹೋಗೋ ಸ್ಥಿತಿ ಅವರದಾಗಿರಲಿಲ್ಲ. ಬಾಗಿಲು ತೆಗೆದವಳು ಮಗಳು. ಭಾವ ಹೊಸಿಲು ದಾಟಲಿಲ್ಲ, ನಿಂತಲ್ಲೇ ಹೇಳಿದ್ರು.

ಅವಳು ಕೇಳಿದ್ದು ಇಷ್ಟೇ. "ಅಪ್ಪ ತಟ್ಟಿದ್ರಾ?"

"ತಟ್ಟಿದ್ರಮ್ಮ."

"ಎರಡು ಸಲ?"

"ಎರಡು ಸಲ."

ಆ ಹುಡುಗಿ ಮೆಟ್ಟಿಲ ಮೇಲೆ ಕೂತು, ಅಪ್ಪಾ ಅಪ್ಪಾ ಅಂತ ಅತ್ತಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಎರಡು ತಿಂಗಳಿಗೂ ಮೇಲೆ ಅಪ್ಪನ ಮೇಲೆ ಸಿಟ್ಟಿಟ್ಟುಕೊಂಡಿದ್ದಳಲ್ಲ. ಅವಳಮ್ಮ ಒಳಗಿಂದ ಬಂದು ಮಗಳ ತಲೆ ಮೇಲೆ ಕೈಯಿಟ್ಟುಕೊಂಡು ನಿಂತ್ರು. ನಮ್ಮನ್ನ ಬೈಯಲಿಲ್ಲ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ಹೊರಟಾಗ ಹೋಗಿಬನ್ನಿ ಅಂತಲೂ ಅನ್ನಲಿಲ್ಲ. ಯಾಕೆ ಅನ್ನಬೇಕು?

ಆ ರಾತ್ರಿ ನಾವು ಮೂವರೂ ಮುಂದಿನ ಕೋಣೆಯಲ್ಲೇ ಕೂತಿದ್ವಿ. ಲೈಟ್ ಆರಿಸಲಿಲ್ಲ. ಅಡುಗೆಮನೆ ನಲ್ಲಿ ತೊಟ್... ತೊಟ್... ಅಂತಿತ್ತು. ಅಕ್ಕ ಎದ್ದು ಹೋಗಿ ಅದನ್ನ ಬಿಗಿ ಮಾಡಿ ಬಂದು ಕೂತಳು. ಆಗ...

ದಪ್.

ಒಂದೇ.

ಮುಂದಿನದಕ್ಕೆ ಕಾದ್ವಿ. ಬರಲಿಲ್ಲ. ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತುಬಿಟ್ರು.

ಈಗ ಕೇಸ್ ನಡೀತಿದೆ. ಭಾವನಿಗೆ ಕೆಲಸ ಹೋಯ್ತು. ಬಾವಿಗೆ ಜನ ಇಳಿಸಿ ಕೀ ಹುಡುಕಿಸಿದ್ರು, ಸಿಕ್ತು. ಮಾಮನ ಹೆಸರು ಹೇಳಿ ಹೊಸಬರನ್ನ ಹೆದರಿಸೋದು ನಿಂತಿದೆ. ಅಲ್ಲಿಂದ ಇವತ್ತಿನ ತನಕ ನಮ್ಮ ಮನೆಯಲ್ಲಿ ಯಾವ ಸದ್ದೂ ಇಲ್ಲ.

ಗಾಳಿಗೆ ಬಾಗಿಲು ಬಡಿದಿರುತ್ತೆ ಅಂತೀರಿ, ಗೊತ್ತು ನನಗೆ. ಆ ಒಂದು ತಟ್ಟು ಕೇಳಿದ ಮಾರನೇ ಬೆಳಿಗ್ಗೆ ಅಕ್ಕ ಕಸ ಗುಡಿಸೋವಾಗ ಕರೆದು ತೋರಿಸಿದಳು. ಬಾಗಿಲಿನ ನೀಲಿ ಹಾಳೆ ಮೇಲೆ ಅಂಗೈಯಗಲ ಹಳದಿ ಪುಡಿ. ಫೋಮ್ ಪುಡಿ. ಅದರ ತುಂಬ ಸಣ್ಣ ಸಣ್ಣ ಚುಕ್ಕಿ, ಸಾಲುಸಾಲಾಗಿ. ಪ್ಯಾನೆಲ್ ಜಾರದಿರಲಿ ಅಂತ ಅವರು ಹಾಕೋ ಗ್ಲೌಸಲ್ಲಿ ರಬ್ಬರ್ ಚುಕ್ಕಿ ಇರುತ್ತಲ್ಲ, ಹಾಗೇ. ಗುರುತಿದ್ದಿದ್ದು ಬಾಗಿಲ ಹೊರಮೈಯಲ್ಲಲ್ಲ. ಒಳಮೈಯಲ್ಲಿ.

ಅಕ್ಕ ಅದನ್ನ ಒರೆಸಿಲ್ಲ. ನಂಬಿಕೆ ಇಲ್ಲದಿದ್ರೆ ನಾಳೆ ಬನ್ನಿ, ತೋರಿಸ್ತೀನಿ. ಬರೋವಾಗ ಬಾಗಿಲು ಮಾತ್ರ ತಟ್ಟಬೇಡಿ. ಬೆಲ್ ಒತ್ತಿ. ಭಾವ ಒಳಗೆ ಮಲಗಿರ್ತಾರೆ.