ತಂಗಿಯ ಗಂಡನ ಕೈಯಲ್ಲಿದ್ದ ಬಾಟಲಿಯ ಬಗ್ಗೆ

ಹೇಳಿಕೆ ಕೊಡುವವರು: ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎಂದು ಕರೆಯುವ ನಾನು. ವಯಸ್ಸು ಐವತ್ತೆಂಟು. ಕಸುಬು, ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಸ್ವಂತ ಅಂಗಡಿ. ವಾಸ, ಬಸ್ ಡಿಪೋ ಹಿಂಭಾಗದ ರಸ್ತೆಯಲ್ಲಿ, ಅದೇ ಅಂಗಡಿಯ ಹಿಂದಿನ ಎರಡು ಕೋಣೆ.

ಈ ದಿನ ಬಂದರು ಪೊಲೀಸ್ ಠಾಣೆಗೆ ಯಾರೂ ಕರೆಯದೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಪ್ರವಾಸಿ ಹಡಗಿನಲ್ಲಿ ನಾನು ಆಡಿದ ಮಾತಿನ ಮೇಲೆ ನನ್ನ ತಂಗಿಯ ಗಂಡನನ್ನು ಹಿಡಿದು ನಿಮ್ಮ ವಶಕ್ಕೆ ಕೊಟ್ಟಿದ್ದಾರೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತು ಎನ್ನುವುದನ್ನು ಮೊದಲಿನಿಂದ ಬರೆಸಬೇಕಾಗಿದೆ.

ನನ್ನ ತಂಗಿಗೆ ಐವತ್ಮೂರು ವರ್ಷ. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತೇವೆ. ಹಲ್ಲಿನ ಆಸ್ಪತ್ರೆಯಲ್ಲಿ ಮುಂದಿನ ಮೇಜಿಗೆ ಕೂತು ರೋಗಿಗಳನ್ನು ಸರದಿಯಲ್ಲಿ ಒಳಗೆ ಕಳಿಸುವ ಕೆಲಸ. ಅವಳ ಗಂಡ ಲಿಫ್ಟ್ ರಿಪೇರಿ ಮೆಕ್ಯಾನಿಕ್, ಎಲ್ಲರಿಗೂ ಲಿಫ್ಟಣ್ಣ. ನನ್ನ ಅಂಗಡಿಯ ಮಹಡಿಯಲ್ಲಿ ಅವರ ಮನೆ. ಮಕ್ಕಳಿಲ್ಲ. ಲಿಫ್ಟಣ್ಣ ಹಿಂದೆ ವಿಪರೀತ ಕುಡಿಯುತ್ತಿದ್ದರು. ಮೆಟ್ಟಿಲ ಮೇಲೆ ಬಿದ್ದಿದ್ದವರನ್ನು ನಾನೂ ತಂಗಿಯೂ ಎಷ್ಟೋ ಸಲ ರಟ್ಟೆ ಹಿಡಿದು ಎಳೆದು ಒಳಗೆ ಹಾಕಿದ್ದೇವೆ. ಒಂಬತ್ತು ವರ್ಷದ ಹಿಂದೆ ಬಿಟ್ಟರು. ಬಿಟ್ಟೆ ಎಂದು ಅವರು ಹೇಳಿದರು, ನಾನು ನಂಬಲಿಲ್ಲ. ಅವರ ಅಂಗಿಗಳು ಇಸ್ತ್ರಿಗೆ ನನ್ನ ಹತ್ತಿರವೇ ಬರುತ್ತವೆ. ಪ್ರತಿ ಅಂಗಿಯ ಕಾಲರನ್ನೂ ಮೂಸಿ ನೋಡಿದ ಮೇಲೆಯೇ ನೀರು ಚಿಮುಕಿಸುತ್ತಿದ್ದೆ. ಒಂದು ದಿನವೂ ವಾಸನೆ ಬರಲಿಲ್ಲ. ಆದರೂ ಮೂಸುವುದನ್ನು ಬಿಡಲಿಲ್ಲ.

ಅವರ ಮದುವೆಯಾಗಿ ಮೂವತ್ತು ವರ್ಷ ತುಂಬಿತೆಂದು ಮೂರು ರಾತ್ರಿಯ ಹಡಗು ಪ್ರವಾಸಕ್ಕೆ ಹೊರಟರು. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಅಂಗಡಿ ಬಿಟ್ಟು ಕದಲಿಲ್ಲವೆಂದು ನನ್ನನ್ನೂ ಹೊರಡಿಸಿದರು. ಮೂವರಿಗೂ ಒಂದೇ ಕ್ಯಾಬಿನ್. ಕೆಳಗೆ ಅವರಿಬ್ಬರ ಮಂಚ, ಗೋಡೆಯಿಂದ ಬಿಚ್ಚುವ ಮೇಲಿನ ಮಂಚ ನನಗೆ. ಅಕ್ಕನನ್ನು ಮೇಲೆ ಏರಿಸುವುದಕ್ಕೇ ಲಿಫ್ಟಿನವರನ್ನು ಕಟ್ಟಿಕೊಂಡದ್ದು ಎಂದು ಪುಟ್ಟಿ ತಮಾಷೆ ಮಾಡಿದ್ದಳು.

ಸೋಮವಾರ ಮಧ್ಯಾಹ್ನ ಹಡಗು ಹತ್ತುವಾಗ ತಪಾಸಣೆಯ ಯಂತ್ರದ ಬಳಿ ನಮ್ಮ ನೀಲಿ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದರು. ಮೂವರ ಬಟ್ಟೆಯೂ ಅದರಲ್ಲೇ ಇತ್ತು. ಟವೆಲ್ಲಿನಲ್ಲಿ ಸುತ್ತಿದ ಒಂದು ಮದ್ಯದ ಬಾಟಲಿ ಸಿಕ್ಕಿತು. ಹೊರಗಿನ ಬಾಟಲಿ ತರುವಂತಿಲ್ಲ, ಬೇಕಿದ್ದರೆ ಹಡಗಿನಲ್ಲೇ ಕೊಳ್ಳಬಹುದು, ಇದು ಯಾರದು ಎಂದು ಕಾವಲಿನವನು ಕೇಳಿದ. ನಾನು ನೇರವಾಗಿ ಲಿಫ್ಟಣ್ಣನ ಮುಖ ನೋಡಿದೆ. ಅವರು ಪುಟ್ಟಿಯ ಮುಖ ನೋಡಿದರು. ಆಮೇಲೆ ತನ್ನದೇ ಎಂದರು.

ನಮ್ಮ ಹಿಂದೆ ಮೂವತ್ತು ನಲವತ್ತು ಜನ ಸಾಲಿನಲ್ಲಿ ನಿಂತಿದ್ದರು. ಅವರಿಗೆಲ್ಲ ಕೇಳುವಂತೆ ನಾನು ಬೈದೆ. ಅಷ್ಟು ವರ್ಷ ನೀವು ಎಂದು ಕರೆದವರನ್ನು ಅಲ್ಲಿ ನೀನು ಎಂದೆ.

"ನಾಚಿಕೆ ಆಗಲ್ವಾ ನಿಂಗೆ? ನನ್ನ ತಂಗಿ ಬಟ್ಟೆ ನಡುವೆ ಬಚ್ಚಿಟ್ಕೊಂಡು ಬಂದಿದೀಯಲ್ಲ!"

ಅವರು ತಲೆ ತಗ್ಗಿಸಿ, "ತಪ್ಪಾಯ್ತು ಅಕ್ಕ, ಸಾಲು ನಿಂತಿದೆ, ನಡೀರಿ" ಎಂದಷ್ಟೇ ಹೇಳಿದರು. ಪುಟ್ಟಿ ತಲೆ ಎತ್ತದೆ ಬಾಟಲಿ ಸುತ್ತಿದ್ದ ಟವೆಲ್ಲನ್ನು ಮಡಚುತ್ತಿದ್ದಳು. ಪಾಪ, ಅವಮಾನದಿಂದ ಕುಗ್ಗಿಹೋಗಿದ್ದಾಳೆ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ತಿಂಡಿಯ ಕೋಣೆಯಲ್ಲಿ ಪುಟ್ಟಿಯ ಚಹಾದ ಕಪ್ಪು ಸಾಸರಿಗೆ ಬಡಿದು ಕಟಕಟ ಎನ್ನುತ್ತಿತ್ತು. ಏನೆಂದು ಕೇಳಿದ್ದಕ್ಕೆ, ಸಮುದ್ರ ಅಲುಗಾಡುತ್ತಿದೆ ಎಂದಳು. ನನ್ನ ಕಪ್ಪಿನ ಚಹಾ ಅಲುಗಾಡುತ್ತಿರಲಿಲ್ಲ. ಅವಳ ಹಣೆಯ ಮೇಲೆ ಬೆವರಿತ್ತು. ಲಿಫ್ಟಣ್ಣ ತಿಂಡಿ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ನಾವು ಕ್ಯಾಬಿನ್ನಿಗೆ ಮರಳಿದಾಗ ಸೇವೆಯ ಹುಡುಗಿಯೊಬ್ಬಳು ತಟ್ಟೆಯಲ್ಲಿ ಒಂದು ಬಾಟಲಿ, ಐಸು, ಮೂರು ಗ್ಲಾಸು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಡಗಿನ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನು ಪ್ರವಾಸ ಮುಗಿಯುವ ದಿನ ಕೊಡುತ್ತೇವೆ, ಬಾರ್‌ನವರಿಗೆ ಹೇಳಿದರೆ ಕೋಣೆಗೇ ತರುತ್ತೇವೆ ಎಂದು ನಗುತ್ತ ವಿವರಿಸಿದಳು. ಯಾರು ಹೇಳಿದ್ದು ಎಂದೆ. ಲಿಫ್ಟಣ್ಣ ಹಿಂದಿನಿಂದ ಬಂದು, "ನಾನೇ ಅಕ್ಕ, ನಾನೇ ಹೇಳಿದ್ದು" ಎಂದರು.

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಒಂಬತ್ತು ವರ್ಷದ ನಾಟಕ ಎಂದೆ. ಪುಟ್ಟಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ, "ಬಿಡಕ್ಕ, ರಜಕ್ಕೆ ಬಂದಿದೀವಿ, ಪಕ್ಕದ ಕೋಣೆಯವರಿಗೆ ಕೇಳುತ್ತೆ" ಎಂದಳು. ಅವಳ ದನಿ ಸಮಾಧಾನವಾಗಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಬಟ್ಟೆಗಳಿಗೆ ಗುರುತು ಹಾಕುವ ಪೆನ್ನು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಅವರ ಎದುರಿಗೇ ಸದರಿ ಬಾಟಲಿಯ ಚೀಟಿಯ ಮೇಲೆ ಮದ್ಯದ ಮಟ್ಟಕ್ಕೆ ಗೆರೆ ಎಳೆದೆ. ಇದು ಇಳಿದರೆ ನಾನು ನಿಮ್ಮ ಮುಖ ನೋಡುವುದಿಲ್ಲ ಎಂದು ಲಿಫ್ಟಣ್ಣನಿಗೆ ಹೇಳಿದೆ.

ಅಂದು ಊಟವಾದ ಮೇಲೆ ಪುಟ್ಟಿ ತಲೆನೋವೆಂದು ಕ್ಯಾಬಿನ್ನಿನಲ್ಲಿ ಮಲಗಿದಳು. ನಾನು ಲಿಫ್ಟಣ್ಣನನ್ನು ಮೇಲಿನ ಡೆಕ್ಕಿಗೆ ಕರೆದುಕೊಂಡು ಹೋಗಿ, ಎರಡರಿಂದ ನಾಲ್ಕೂವರೆವರೆಗೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡೆ. ಜನ ಈಜುಕೊಳದಲ್ಲಿ ಆಡುತ್ತಿದ್ದರು, ಬ್ಯಾಂಡು ಬಾರಿಸುತ್ತಿತ್ತು. ಅವರು ಅರ್ಧ ಗಂಟೆಗೊಮ್ಮೆ, ಒಂದು ಸಲ ಕೆಳಗೆ ಹೋಗಿ ನೋಡಿಬರಲೇ ಎಂದು ಕೇಳುತ್ತಿದ್ದರು. ನಾನು ಬಿಡಲಿಲ್ಲ. ಶೌಚಕ್ಕೆಂದು ಎರಡು ಸಲ ಎದ್ದರು, ಅಷ್ಟೇ. ವಾಪಸು ಬಂದು ನೋಡಿದಾಗ ಗೆರೆಯಿಂದ ಕೆಳಕ್ಕೆ ನಾಲ್ಕು ಬೆರಳು ಖಾಲಿಯಾಗಿತ್ತು. ಪುಟ್ಟಿ ಗೋಡೆಯ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದಳು. ಆ ಎರಡು ಶೌಚದಲ್ಲಿ ಏಳು ಮಹಡಿ ಇಳಿದು ಬಂದು ಕುಡಿದು ಹತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಲಿಫ್ಟಿನ ಕೆಲಸದವರು, ಲಿಫ್ಟು ಹೇಗೆ ಬೇಗ ಬರುತ್ತದೆಂದು ಗೊತ್ತಿರುತ್ತದೆ ಎಂದುಕೊಂಡೆ. ಈಗ ಇದನ್ನು ಬರೆಸುವಾಗ ನನಗೇ ನಂಬಲಾಗುತ್ತಿಲ್ಲ. ನಿನ್ನೆಯವರೆಗೆ ನಂಬಿದ್ದೆ.

ನಿನ್ನೆ, ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಡೆಕ್ಕಿನ ಮೇಲಿದ್ದವಳು ಗಾಳಿ ಜಾಸ್ತಿಯೆಂದು ಸ್ವೆಟರ್ ತರಲು ಕ್ಯಾಬಿನ್ನಿಗೆ ಬಂದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಒಂದು ಹೆಂಗಸಿನ ದನಿ ಕೇಳಿಸಿತು. ಅದು ನನ್ನ ತಂಗಿಯ ದನಿಯೆಂದು ಮೊದಲು ಗೊತ್ತಾಗಲೇ ಇಲ್ಲ, ಅಷ್ಟು ಒರಟಾಗಿತ್ತು. ಬೈಗುಳ ಇತ್ತು. ಅದನ್ನು ಬರೆಸುವುದಿಲ್ಲ. ಲಿಫ್ಟಣ್ಣ, "ಈಗಷ್ಟೇ ಕೊಟ್ಟಿದೀನಲ್ಲೇ, ಸಂಜೆವರೆಗೆ ತಡಕೋ, ನಿನ್ನ ಕಾಲಿಗ್ ಬೀಳ್ತೀನಿ" ಎನ್ನುತ್ತಿದ್ದರು.

ನಾನು ಬಾಗಿಲು ನೂಕಿದೆ. ಲಿಫ್ಟಣ್ಣ ಬಲಗೈಯಲ್ಲಿ ಸದರಿ ಬಾಟಲಿಯನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಿದ್ದರು. ಪುಟ್ಟಿ ಅವರ ಅಂಗಿಯ ಎದೆ ಹಿಡಿದು ಜಗ್ಗುತ್ತಿದ್ದಳು. ಬಾಟಲಿ ಓರೆಯಾಗಿ ಮದ್ಯ ಅವರ ಮೇಲೆಲ್ಲ ಸುರಿಯುತ್ತಿತ್ತು. ನನ್ನನ್ನು ನೋಡಿ ಪುಟ್ಟಿ ಕೈ ಬಿಟ್ಟಳು. ಬಿಟ್ಟ ರಭಸಕ್ಕೆ ಹಿಂದಕ್ಕೆ ಬಿದ್ದು ಅವಳ ತಲೆ ಮೇಜಿನ ಅಂಚಿಗೆ ಬಡಿಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ರಕ್ತ ನೋಡಿದ ಕೂಡಲೇ ನಾನು ಹೊರಗೆ ಓಡಿ, ನನ್ನ ತಂಗಿಯನ್ನು ಕುಡುಕ ಬಾಟಲಿಯಲ್ಲಿ ಹೊಡೆದು ಕೊಂದ ಎಂದು ಕೂಗಿದೆ.

ಅಕ್ಕಪಕ್ಕದ ಕೋಣೆಯವರು ಬಂದರು. ಕಾವಲಿನವರು ಮೂವರು ಬಂದರು. ಲಿಫ್ಟಣ್ಣ ನೆಲದ ಮೇಲೆ ಕೂತು ತಂಗಿಯ ತಲೆಗೆ ದಿಂಬಿನ ಕವರನ್ನು ಒತ್ತಿ ಹಿಡಿದಿದ್ದರು. ಅವರ ಮೈಯೆಲ್ಲ ಮದ್ಯ ನಾರುತ್ತಿತ್ತು. ಕಾವಲಿನ ಮುಖ್ಯಸ್ಥರು ನೀವು ನೋಡಿದಿರಾ ಎಂದು ಕೇಳಿದ್ದಕ್ಕೆ, ಕಣ್ಣಾರೆ ನೋಡಿದೆ, ಬಾಟಲಿ ಎತ್ತಿ ತಲೆಗೆ ಬಿಟ್ಟ ಎಂದೆ. ನೀವು ಏನು ಹೇಳುತ್ತೀರಿ ಎಂದು ಲಿಫ್ಟಣ್ಣನನ್ನು ಕೇಳಿದರು. ಅವರು ಪುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲಲ್ಲಿ ಕಿಕ್ಕಿರಿದ ಜನರನ್ನು ನೋಡಿದರು. ಮತ್ತೆ ತಲೆ ತಗ್ಗಿಸಿ ದಿಂಬಿನ ಕವರನ್ನು ಒತ್ತಿ ಹಿಡಿದರು. ಎರಡೂ ತೋಳು ಹಿಡಿದು ಕರೆದುಕೊಂಡು ಹೋದರು.

ಹಡಗಿನ ಆಸ್ಪತ್ರೆಯಲ್ಲಿ ಪುಟ್ಟಿಯ ತಲೆಗೆ ಆರು ಹೊಲಿಗೆ ಹಾಕಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಬಂದು ನನ್ನ ಪಕ್ಕದಲ್ಲೇ ಕೂತರು. ಗಾಯಕ್ಕೆ ಹೆದರಬೇಕಾಗಿಲ್ಲ ಎಂದರು. ನಂತರ, ಇವರು ಎಷ್ಟು ವರ್ಷದಿಂದ ಕುಡಿಯುತ್ತಿದ್ದಾರೆ ಎಂದು ಕೇಳಿದರು.

"ಕುಡಿಯೋನು ಗಂಡ, ಡಾಕ್ಟ್ರೇ," ಎಂದೆ. "ಅವನನ್ನ ಹಿಡ್ಕೊಂಡು ಹೋಗಿದಾರೆ."

"ಗಂಡನ್ನೂ ಪರೀಕ್ಷೆ ಮಾಡಿದೀನಿ. ಕಾವಲಿನವರೇ ಆ ಕಡೆ ಬಾಗಿಲಿಂದ ಕರ್ಕೊಂಡು ಬಂದಿದ್ರು. ಅವರ ಬಟ್ಟೆಯಲ್ಲಿದೆ, ರಕ್ತದಲ್ಲಿ ಒಂದು ಹನಿ ಇಲ್ಲ. ನಾನು ಕೇಳ್ತಿರೋದು ನಿಮ್ಮ ತಂಗಿ ವಿಷಯ."

ನಾನು ನಕ್ಕೆ. ನಿಜವಾಗಿಯೂ ನಗು ಬಂತು. ನೀವು ಬೇರೆ ಯಾರದ್ದೋ ರಕ್ತ ನೋಡಿರಬೇಕು ಎಂದೆ. ಡಾಕ್ಟರಮ್ಮ ನಗಲಿಲ್ಲ. ಅವಳ ರಕ್ತದಲ್ಲಿರುವಷ್ಟು ಮದ್ಯಕ್ಕೆ ರೂಢಿ ಇಲ್ಲದವರು ಎದ್ದು ನಿಲ್ಲಲಾರರು ಎಂದರು. ಇಂಥವರಿಗೆ ಕುಡಿತ ಒಮ್ಮೆಲೇ ನಿಂತರೆ ಕೈ ನಡುಗುತ್ತದೆ, ಬೆವರುತ್ತದೆ, ಫಿಟ್ಸ್ ಬಂದು ಪ್ರಾಣಕ್ಕೂ ಅಪಾಯ ಎಂದರು. ಕಾವಲಿನಲ್ಲಿರುವ ಗಂಡ ತಮಗೆ ಹೇಳಿದ ಒಂದೇ ಮಾತು ಅದು: ಅವಳಿಗೆ ಫಿಟ್ಸ್ ಬರದ ಹಾಗೆ ನೋಡಿಕೊಳ್ಳಿ.

ತಂಗಿಯ ಬಟ್ಟೆಯೂ ಗಂಡನ ಅಂಗಿಯ ಜೊತೆ ಒಂದೇ ಗಂಟಿನಲ್ಲಿ ನನ್ನ ಅಂಗಡಿಗೆ ಬರುತ್ತಿತ್ತು. ಅವಳ ಹತ್ತಿರ ಯಾವಾಗಲೂ ಲವಂಗದೆಣ್ಣೆಯ ವಾಸನೆ, ಬಾಯಿ ಮುಕ್ಕಳಿಸುವ ಔಷಧಿಯ ವಾಸನೆ. ಹಲ್ಲಿನ ಆಸ್ಪತ್ರೆಯವಳಲ್ಲವೇ ಎಂದು ಮಡಚಿ ಎತ್ತಿಡುತ್ತಿದ್ದೆ.

ಮಧ್ಯಾಹ್ನ ಮೂರರ ಮೇಲೆ ಪುಟ್ಟಿ ಕಣ್ಣು ಬಿಟ್ಟಳು. ಅವರೆಲ್ಲಿ ಎಂದಳು. ಹಿಡಿದಿಟ್ಟಿದ್ದಾರೆ, ನಾನೇ ಹೇಳಿದೆ ಎಂದೆ. ಅವಳು ನನ್ನಿಂದ ಮುಖ ತಿರುಗಿಸಿ ಸೂರು ನೋಡಿದಳು. ಆಮೇಲೆ ಹೇಳಿದಳು. ಇದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಿ ಎಂದು ಬರೆಯುವವರನ್ನು ಕೇಳಿಕೊಂಡಿದ್ದೇನೆ.

"ಅವರು ಬಿಟ್ಟ ದಿನ ಮನೇಲಿದ್ದ ಬಾಟ್ಲೀನ ನನ್ನ ಕೈಗೆ ಕೊಟ್ಟು, ನೀನೇ ಮೋರಿಗೆ ಸುರಿ ಅಂದ್ರು ಅಕ್ಕ. ಸುರಿಯೋಕೆ ಹೋದೆ. ಇಷ್ಟು ವರ್ಷ ನನ್ನ ಸಂಸಾರ ತಿಂದ ಇದರಲ್ಲಿ ಏನಿದೆ ನೋಡೋಣ ಅಂತ ಒಂದು ಗುಟುಕು ಬಾಯಿಗೆ ಹಾಕ್ದೆ. ಸುರೀಲಿಲ್ಲ. ಎಲ್ರೂ ಅವರ ಬಾಯನ್ನೇ ಮೂಸ್ತಿದ್ರು. ನನ್ನ ಯಾರು ನೋಡ್ತಾರೆ?"

ಗಂಡನಿಗೆ ಗೊತ್ತಾಗಿ ಎರಡು ವರ್ಷವಾಯಿತಂತೆ. ಅಕ್ಕನಿಗೆ ಹೇಳಿದರೆ ನೇಣು ಹಾಕಿಕೊಳ್ಳುತ್ತೇನೆ ಎಂದು ಇವಳು ಹೆದರಿಸಿದ್ದಳಂತೆ. ಪೆಟ್ಟಿಗೆಯಲ್ಲಿದ್ದ ಬಾಟಲಿ ಅವಳದು. ಅದು ಹೋದ ಮೇಲೆ ಮರುದಿನ ಅವಳ ನಡುಕ ನೋಡಿ, ಫಿಟ್ಸ್ ಬಂದೀತೆಂಬ ಭಯಕ್ಕೆ, ಊರು ಮುಟ್ಟುವವರೆಗೆ ಅಳೆದು ಕೊಡುತ್ತೇನೆಂದು ಗಂಡನೇ ತರಿಸಿದ್ದು ಎರಡನೆಯದು. ಮಂಗಳವಾರ ನಾನು ಅವರನ್ನು ಡೆಕ್ಕಿನ ಮೇಲೆ ಕಟ್ಟಿಹಾಕಿ ಕೂರಿಸಿದ್ದಾಗ ಇವಳು ತಾನೇ ಸುರಿದುಕೊಂಡಿದ್ದಳು.

ಸಂಜೆ ನಾನು ಕಾವಲಿನ ಮುಖ್ಯಸ್ಥರ ಬಳಿ ಹೋಗಿ ನನ್ನ ಮಾತು ವಾಪಸು ಎಂದೆ. ಈಗಾಗಲೇ ಬಂದರಿಗೆ ತಿಳಿಸಿಯಾಗಿದೆ, ಮನೆಯವರು ಹೀಗೆ ಮಾತು ಬದಲಿಸುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ, ಏನಿದ್ದರೂ ಪೊಲೀಸರಿಗೆ ಹೇಳಿ ಎಂದರು. ಲಿಫ್ಟಣ್ಣನ ಜೊತೆ ಬಾಗಿಲ ಸಂದಿಯಿಂದ ಎರಡು ನಿಮಿಷ ಮಾತಾಡಲು ಬಿಟ್ಟರು. ಅವರೇ ಮೊದಲು ಮಾತಾಡಿದರು. ರಾತ್ರಿ ಅವಳನ್ನು ಒಬ್ಬಳನ್ನೇ ಬಿಡಬೇಡಿ, ನೀರು ಕುಡಿಸುತ್ತಿರಿ ಎಂದರು. ಊಟ ಕೊಟ್ಟರೇ ಎಂದು ಕೇಳಿದೆ. "ನೀವು ಊಟ ಮಾಡಿದ್ರಾ ಅಕ್ಕ?" ಎಂದರು.

ಬಾಟಲಿಯ ಬಗ್ಗೆ ಸ್ಪಷ್ಟವಾಗಿ ಬರೆದುಕೊಳ್ಳಿ. ಅವರ ಕೈಯಲ್ಲಿ ಬಾಟಲಿ ಇದ್ದದ್ದು ನಿಜ. ಅದನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದೂ ನಿಜ. ಎತ್ತಿ ಹಿಡಿದಿದ್ದು ಹೊಡೆಯಲು ಅಲ್ಲ, ಅವಳಿಗೆ ಎಟುಕದಿರಲಿ ಎಂದು. ಅವಳು ಬಿದ್ದದ್ದು ನನ್ನನ್ನು ಕಂಡು ಕೈ ಬಿಟ್ಟಿದ್ದರಿಂದ.

ಈ ದಿನ, ಗುರುವಾರ ಬೆಳಿಗ್ಗೆ ಏಳೂವರೆಗೆ ಹಡಗು ದಡ ಮುಟ್ಟಿತು. ಬೇರೆ ಪ್ರಯಾಣಿಕರನ್ನು ತಡೆದು ಮೊದಲು ಲಿಫ್ಟಣ್ಣನನ್ನು ಇಳಿಸಿದರು. ಇಬ್ಬರು ಕಾವಲಿನವರು, ಕೆಳಗೆ ನಿಮ್ಮ ಇಬ್ಬರು ಪೇದೆಗಳು. ಹಡಗಿನ ಮೇಲಿನ ಕಟಕಟೆಯ ಉದ್ದಕ್ಕೂ ಜನ ನಿಂತು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಪುಟ್ಟಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಾನು ಹಿಂದಿನಿಂದ ತಳ್ಳಿಕೊಂಡು ಬರುತ್ತಿದ್ದೆ. ಗಂಡನನ್ನು ವ್ಯಾನಿಗೆ ಹತ್ತಿಸುವುದನ್ನು ಕಂಡು ಅವಳು ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. ತಲೆಯ ಬ್ಯಾಂಡೇಜು ಹಿಡಿದುಕೊಂಡು, ಹುಟ್ಟಿದಾಗಿನಿಂದ ನಾಲ್ಕು ಜನರ ಮುಂದೆ ದನಿ ಎತ್ತದ ನನ್ನ ತಂಗಿ, ಅಷ್ಟು ಜನರ ಎದುರಿಗೆ ಕೂಗಿದಳು:

"ಅವರಲ್ಲ! ಕುಡಿಯೋಳು ನಾನು! ನಾನು ಕುಡುಕಿ! ಕೇಳಿಸ್ತಾ ಎಲ್ಲರಿಗೂ? ನಾನು!"

ಮೇಲಿನಿಂದ ಒಬ್ಬ ಹೆಂಗಸು, "ಪಾಪ, ತಲೆ ಒಡೆಸ್ಕೊಂಡ್ರೂ ಗಂಡನ್ನ ಬಿಟ್ಟುಕೊಡಲ್ಲ ನೋಡಿ" ಎಂದಳು. ಹೌದು ಹೌದು ಎಂದು ಸುತ್ತಲಿನವರು ಕಣ್ಣೊರೆಸಿಕೊಂಡರು. ನಿಮ್ಮ ಪೇದೆಯೊಬ್ಬರು ಪುಟ್ಟಿಯ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಸುಮ್ಮನಿರಮ್ಮ, ಇಂಥವನಿಗೋಸ್ಕರ ಯಾಕೆ ಮರ್ಯಾದೆ ಕಳಕೊಳ್ತೀಯ ಎಂದು ಸಮಾಧಾನ ಹೇಳಿದರು. ವ್ಯಾನು ಹೊರಟಿತು. ಪುಟ್ಟಿ ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ ಅಕ್ಕ" ಎಂದಳು. ಆದುದರಿಂದ ಬಂದಿದ್ದೇನೆ.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ. ನಿನ್ನೆ ಕೂಗಿದ್ದೂ ಇದೇ ಬಾಯಿ, ಇವತ್ತು ಹೇಳುತ್ತಿರುವುದೂ ಇದೇ ಬಾಯಿ. ಇವತ್ತಿನದು ನಿಜ. ನಿನ್ನೆ ಒಂದೇ ಮಾತಿಗೆ ನನ್ನನ್ನು ಎಲ್ಲರೂ ನಂಬಿದರು. ಇವತ್ತೂ ನಂಬಬೇಕೆಂದು ಕೇಳಿಕೊಳ್ಳುತ್ತೇನೆ.

ಸ್ಥಳ: ಬಂದರು ಪೊಲೀಸ್ ಠಾಣೆ
ದಿನ: ಗುರುವಾರ, ಬೆಳಿಗ್ಗೆ ಹತ್ತೂಕಾಲು
ಹೇಳಿಕೆ ಕೊಟ್ಟವಳ ಸಹಿ