ನನ್ನ ಚಪ್ಪಲಿ ಬಿಚ್ಚಿಸಿದ ಡಾಕ್ಟರಮ್ಮ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ಅರಿವಳಿಕೆ ಡಾಕ್ಟರ್ ಫಿರೋಜಾ ಅವರೇ, ಕೂಟಗಲ್ಲಿನಿಂದ ಬಂದು ಮೂರನೇ ಸಾಲಿನಲ್ಲಿ ಕೂತಿರುವ ನನ್ನ ತಮ್ಮ ಮುನಿಶಾಮಯ್ಯನೇ, ಸಭಿಕರೇ,

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಬೋರಲಿಂಗಯ್ಯ. ಬಾಯಲ್ಲಿ ಹೇಳುತ್ತೇನೆ ಎಂದರೆ ಸಭೆ ಕರೆದವರು ಕೇಳದೆ, ನೆನಪಿನ ಸಂಚಿಕೆಗೆ ಬೇಕು, ಬರೆದೇ ತನ್ನಿ ಎಂದರು. ಮೂರು ದಿನ ಹಾಳಾಯಿತು. ಪೆನ್ನು ಬೆರಳಲ್ಲಿ ನಿಲ್ಲುವುದಿಲ್ಲ. ನಮ್ಮಪ್ಪನ ಕೈಕಾಲೂ ಹೀಗೇ ಇತ್ತು. ಇದನ್ನು ನಾನು ಅರವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಎಂಟು ವರ್ಷದ ಹಿಂದೆ ನನ್ನ ಕಿರಿ ಮೊಮ್ಮಗಳಿಗೆ ಟಾನ್ಸಿಲ್ ಆಪರೇಷನ್. ಅವಳು ಆಗಾಗ ಎಡವಿ ಬೀಳುತ್ತಿದ್ದಳು. ಮತ್ತಿನ ಔಷಧಿ ಕೊಡುವ ಮುಂಚೆ ಈ ಡಾಕ್ಟರಮ್ಮ ಕೇಳಿದರು: "ಮನೇಲಿ ಯಾರಿಗಾದ್ರೂ ನರದ ಕಾಯಿಲೆ ಐತಾ?"

"ಯಾರ್ಗೂ ಇಲ್ಲ" ಎಂದೆ. ಯಾಕೆ ಹಾಗೆಂದೆ? ಪಕ್ಕದಲ್ಲೇ ದೊಡ್ಡ ಮೊಮ್ಮಗಳನ್ನು ಒಪ್ಪಿದ್ದ ಬೀಗರು ಬ್ರೆಡ್ಡು, ಮೋಸಂಬಿ ಹಿಡಿದು ನಿಂತಿದ್ದರು! ಅವರ ಮುಂದೆ ಯಾವ ತಾತ ಬಾಯಿ ಬಿಡುತ್ತಾನೆ?

ಆಕೆ ಮತ್ತೆ ಕೇಳಿದರು. ನಾನು ರೇಗಿದೆ. ಆಕೆ ನನ್ನ ಕಾಲು ನೋಡಿದರು. ಕಾಲಿಂದ ಜಾರದಿರಲೆಂದು ಚಪ್ಪಲಿಯ ಹಿಂದೆ ಸೈಕಲ್ ಟ್ಯೂಬು ಕಟ್ಟಿಕೊಂಡಿದ್ದೆ.

"ಚಪ್ಪಲಿ ಬಿಚ್ಚಿ ತಾತ."

"ಯಾಕವ್ವಾ, ಆಪ್ರೇಷನ್ನು ನಂಗಾ?"

"ಬಿಚ್ಚಿ ಅಂದೆ."

ಬಿಚ್ಚಿದೆ. ಬಿಲ್ಲಿನಂತೆ ಬಾಗಿದ ಪಾದ, ಕೊಕ್ಕೆಯಾದ ಬೆರಳು. ಮಗುವಿನ ಕಾಲ ಪಕ್ಕ ಇಟ್ಟರೆ ಅದೇ ಅಚ್ಚು.

"ಈ ನರದ ಕಾಯಿಲೆ ಇರೋ ಮಗೀಗೆ ಮತ್ತಿನ ಜೊತೆ ಕೊಡೋ ಒಂದು ಔಷಧಿ ಕೊಟ್ರೆ ಎದೆ ನಿಂತೋಗ್ಬೋದು. ಮತ್ತಿಳಿದ ಮೇಲೂ ಉಸಿರು ಕಾಯ್ಬೇಕು. ನೀವು ಮುಚ್ಚಿಟ್ಟಿದ್ದು ಕಾಲಲ್ಲ ತಾತ."

ಆ ದಿನ ಆಪರೇಷನ್ ನಿಲ್ಲಿಸಿದರು. ಹದಿನೈದು ದಿನ ಬಿಟ್ಟು ಬೇರೆ ಔಷಧಿಯಲ್ಲಿ ಮಾಡಿ, ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದರು. ಮಗು ಕಣ್ಣು ಬಿಟ್ಟು ಕೇಳಿದ್ದು ಐಸ್‌ಕ್ರೀಮು. ಸಂಬಂಧವೇನೋ ಮುರಿಯಿತು. ದೊಡ್ಡವಳು ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಅವಳದ್ದು ತಪ್ಪೆನ್ನಲಾರೆ.

ಈಗ ಮುನಿಶಾಮಿ, ನಿನ್ನ ಮೊಮ್ಮಗನಿಗೆ ಹದಿನಾಲ್ಕನೇ ತಾರೀಕು ಮಾಗಡಿಯಲ್ಲಿ ಹರ್ನಿಯಾ ಆಪರೇಷನ್. ಅವನೂ ಎಡವುತ್ತಾನೆ, ತುದಿಗಾಲಲ್ಲಿ ನಡೆಯುತ್ತಾನೆ. ಕಿರಿ ಮಗಳಿಗೆ ಗಂಡು ನೋಡುತ್ತಿರುವುದರಿಂದ ನಮ್ಮ ಮನೆಯ ಕಾಯಿಲೆಯನ್ನು ನೀನು ಡಾಕ್ಟರಿಗೆ ಹೇಳಿಲ್ಲ. ನಾನು ನಿನ್ನ ಮನೆಗೆ ಬಂದು ಎರಡು ಸಲ ಕೇಳಿದೆ, ನೀನು ಮುಖ ತಿರುಗಿಸಿದೆ. ಅದಕ್ಕೇ ಈ ಮೈಕು. ಬೈದುಕೋ, ನನಗೇನೂ ಇಲ್ಲ.

ಡಾಕ್ಟರಮ್ಮನಿಂದ ಉಪಕಾರವಾಯಿತು, ಸಹಿಸಿಕೊಂಡು ಕೇಳಿದ ನಿಮಗೆಲ್ಲ ನಮಸ್ಕಾರ. ಮುನಿಶಾಮಿ, ಡಾಕ್ಟರಿಗೆ ಹೇಳಿದೆಯೋ ಇಲ್ಲವೋ, ಹನ್ನೆರಡನೇ ತಾರೀಕಿನೊಳಗೆ ನನಗೆ ಉತ್ತರ ಬೇಕು.